ರತ್ನ ಬಡಿಸಿದ ಎಲೆಯ ಫೋಟೋ

ಯುಗಾದಿಯ ದಿನ ಇರಲಾರದು. ಇಷ್ಟು ವರ್ಷ ಕೇಳಿದವರಿಗೆಲ್ಲ ಯುಗಾದಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ನೆನಪಿನಲ್ಲಿರುವ ಊಟದ ಎಲೆಯ ಮೇಲೆ ಹಿತಕಿದ ಅವರೆಬೇಳೆಯ ಸಾರು ಇದೆ. ಯುಗಾದಿಯ ಹೊತ್ತಿಗೆ ಅವರೆಕಾಯಿಯ ಕಾಲ ಮುಗಿದಿರುತ್ತದೆ. ಹಾಗಾದರೆ ಸಂಕ್ರಾಂತಿ ಇರಬೇಕು ಎಂದುಕೊಂಡರೆ ಅದೇ ಎಲೆಯ ಮೇಲೆ ಮಾವಿನಕಾಯಿ ಚಿತ್ರಾನ್ನವೂ ಕೂತಿದೆ. ಸಂಕ್ರಾಂತಿಗೆ ಮಾವಿನ ಮರದಲ್ಲಿ ಹೂವಿದ್ದರೆ ಹೆಚ್ಚು. ಅವರೆಯೂ ಮಾವೂ ಹೀಗೆ ಅಕ್ಕಪಕ್ಕ ಕೂತಿರುವುದು ನನ್ನ ತಲೆಯೊಳಗೆ ಮಾತ್ರ. ಅಂದರೆ ನಾನು ಕಣ್ಣಿಗೆ ಕಟ್ಟಿದಂತೆ ನೆನಪಿದೆ ಎಂದು ಹೇಳಿಕೊಳ್ಳುವ ಎಲೆ, ಬೇರೆ ಬೇರೆ ದಿನ ಉಂಡ ಎಲೆಗಳಿಂದ ಹೆಕ್ಕಿ ತಂದು ಬಡಿಸಿದ್ದು. ಇಂಥ ಎಲೆಯ ಮುಂದೆ ಕೂತು ನಡೆದದ್ದು ನಡೆದಂತೆ ಹೇಳುತ್ತೇನೆ ಎಂದರೆ ಯಾರು ನಂಬುತ್ತಾರೆ? ಆದರೂ ಹೇಳಬೇಕಾಗಿದೆ. ಆ ಎಲೆಯ ಫೋಟೋ ತೆಗೆದವನು ನಾನು. ಆ ಒಂದು ಫೋಟೋದಿಂದ ನನ್ನ ತಂಗಿ ರತ್ನಳಿಗೆ ಇನ್ನೇನು ನಿಶ್ಚಯವಾಗುತ್ತಿದ್ದ ಗಂಡು ತಪ್ಪಿಹೋಯಿತು. ಇಷ್ಟು ಮಾತ್ರ ಖಚಿತ. ಉಳಿದದ್ದಕ್ಕೆ ನನ್ನ ಮಾತೇ ಆಧಾರ, ಆ ಆಧಾರ ಎಷ್ಟು ಗಟ್ಟಿ ಎಂಬುದನ್ನು ಅವರೆ ಮತ್ತು ಮಾವು ಈಗಾಗಲೇ ತೋರಿಸಿಕೊಟ್ಟಿವೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರಕ್ಕೆ ಆಗ ಹೆಸರು ಬಂದಿತ್ತು, ಮನೆಗಳು ಇನ್ನೂ ಬರುತ್ತಿದ್ದವು. ಒಂದು ಮನೆ, ಆಮೇಲೆ ಕಲ್ಲು ನೆಟ್ಟ ನಾಲ್ಕು ಖಾಲಿ ಸೈಟು, ಆಮೇಲೆ ಇನ್ನೊಂದು ಮನೆ. ಗಾಳಿ ಎದ್ದರೆ ಆ ನಾಲ್ಕು ಸೈಟಿನ ಕೆಮ್ಮಣ್ಣು ಇದ್ದ ಮನೆಯೊಳಗೇ ಬಂದು ಕೂರಬೇಕು. ನಾವು ಮೂವರು ಅಲ್ಲಿದ್ದೆವು: ನಾನು, ರತ್ನ, ಮತ್ತು ನಮ್ಮಿಬ್ಬರನ್ನೂ ಅಪ್ಪ ಅಮ್ಮ ಹೋದ ಮೇಲೆ ಸಾಕಿದ ಸೋದರತ್ತೆ. ನಾನು ಒಂದು ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತ. ವರ್ಗವಾಗಿ ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಡಬ್ಬಿ ಕ್ಯಾಮೆರಾವನ್ನು ನನ್ನ ತಲೆಗೆ ಕಟ್ಟಿದರು. ಡಬ್ಬಿ ಎಂದರೆ ನಿಜವಾಗಿ ಡಬ್ಬಿಯೇ. ಮುಂದೆ ಒಂದು ಗಾಜಿನ ಕಣ್ಣು, ಪಕ್ಕದಲ್ಲಿ ಒತ್ತುವ ಒಂದು ಕಡ್ಡಿ, ಮೇಲೆ ಬಗ್ಗಿ ನೋಡುವುದಕ್ಕೆ ಅಂಚೆಚೀಟಿಯಷ್ಟು ಒಂದು ಕಿಟಕಿ. ಕೊಡುವಾಗ ಅವರು ಒಂದೇ ಉಪದೇಶ ಮಾಡಿದರು. "ಅಲ್ಲಾಡದೆ ಇರೋದನ್ನ ತೆಗೀರಿ ಸಾರ್, ಚೆನ್ನಾಗಿ ಬರುತ್ತೆ."

ಅಲ್ಲಾಡದೆ ಇರುವುದು ನಮ್ಮ ಮನೆಯಲ್ಲಿ ಏನಿತ್ತು? ಅತ್ತೆ ಒಂದು ಕಡೆ ಕೂತವರಲ್ಲ. ಅವರ ಮೊದಲ ಫೋಟೋದಲ್ಲಿ ಸೀರೆ ಇದೆ, ಒಳಗೆ ಯಾರೂ ಇಲ್ಲ. ರತ್ನ ಕೂರುತ್ತಿದ್ದಳು, ಆದರೆ ಕಡ್ಡಿ ಒತ್ತುವ ಸದ್ದಿಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಎದುರಿನ ಖಾಲಿ ಸೈಟು ಅಲ್ಲಾಡುತ್ತಿರಲಿಲ್ಲ ನಿಜ, ಅದರ ಫೋಟೋವನ್ನು ಯಾರಿಗೆ ತೋರಿಸುವುದು? ಹೀಗೆ ಯೋಚಿಸುತ್ತಾ ಒಂದು ಭಾನುವಾರ ತಟ್ಟೆಯ ಮುಂದೆ ಕೂತಾಗ ಮುದ್ದೆಯನ್ನು ಕಂಡೆ. ಅದು ಮುಂಚೆಯೂ ಅಲ್ಲೇ ಇತ್ತು, ದಿನವೂ ಇತ್ತು, ಆದರೆ ಅಷ್ಟು ನಿಶ್ಚಲವಾಗಿ, ಅಷ್ಟು ಗಂಭೀರವಾಗಿ ಕೂತಿದೆ ಎಂಬುದು ಆವತ್ತೇ ಹೊಳೆದದ್ದು. ನಾನು ಊಟದ ಫೋಟೋ ತೆಗೆಯುವುದನ್ನು ಕಲಿಯತೊಡಗಿದ್ದು ಹೀಗೆ. ಜನ ಮದುವೆಗೆ, ಸತ್ಕಾರಕ್ಕೆ, ಅಪರೂಪಕ್ಕೆ ಒಮ್ಮೆ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಒಬ್ಬ ಮಿಲ್ಲು ಗುಮಾಸ್ತ ಸೊಪ್ಪಿನ ಪಲ್ಯದ ಫೋಟೋ ತೆಗೆಯುತ್ತಾನೆ ಎಂಬ ಸುದ್ದಿ ನಮ್ಮ ರಸ್ತೆಯ ಎಲ್ಲ ಮನೆಗಳಿಗೂ, ಅಂದರೆ ಆರು ಏಳು ಮನೆಗಳಿಗೆ, ಬೇಗನೆ ಹರಡಿತು.

ಮೊದಲ ಅಡ್ಡಿ ಅಡುಗೆಮನೆಯ ಬಾಗಿಲಲ್ಲೇ ಬಂತು. ಕ್ಯಾಮೆರಾಕ್ಕೆ ಒಂದು ಚರ್ಮದ ಚೀಲವಿತ್ತು. "ಏನೋ ಅದು, ತೊಗಲಿನ ಚೀಲ ಎತ್ಕೊಂಡು ಒಲೆ ತಾವ ಬರ್ತಿದೀಯಾ? ಚಪ್ಪಲಿ ಹಾಕ್ಕೊಂಡು ಬಂದಂಗೇ ಲೆಕ್ಕ," ಎಂದರು ಅತ್ತೆ. ಚೀಲವನ್ನು ಜಗಲಿಯಲ್ಲಿ ಬಿಚ್ಚಿಟ್ಟು ಬರಿಯ ಡಬ್ಬಿ ಹಿಡಿದು ಹೋದರೆ, ಒಳಗೆ ಏನಿದೆ ಎಂದು ವಿಚಾರಿಸಿದರು. ಏನೂ ಇಲ್ಲ ಅತ್ತೆ, ಕತ್ತಲೆ ಇದೆ, ಎಂದೆ. ಕತ್ತಲೆಗೆ ಅವರ ಆಕ್ಷೇಪಣೆ ಇರಲಿಲ್ಲ. ಎರಡನೆಯ ಅಡ್ಡಿ ಕ್ಯಾಮೆರಾದ್ದೇ. ಏಳೆಂಟು ಅಡಿಗಿಂತ ಹತ್ತಿರ ಇರುವುದು ಯಾವುದೂ ಅದರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅಷ್ಟು ದೂರ ನಿಂತು ತೆಗೆದ ಮುದ್ದೆ, ನೆಲದ ಮೇಲೆ ಬಿದ್ದ ಕೋಟಿನ ಗುಂಡಿಯಂತೆ ಬಂತು. ಹತ್ತಿರ ಹೋದರೆ ಹೊಗೆಯಂತೆ ಬಂತು. ಕೊನೆಗೆ ಅತ್ತೆಗೆ ಹತ್ತಿರದ್ದು ಕಾಣದಿದ್ದಾಗ ವೈದ್ಯರು ಏನು ಕೊಟ್ಟರು ಎಂದು ಯೋಚಿಸಿ, ಅತ್ತೆಯ ಕನ್ನಡಕವನ್ನೇ ಕ್ಯಾಮೆರಾದ ಕಣ್ಣಿನ ಮುಂದೆ ದಾರದಿಂದ ಕಟ್ಟಿದೆ. ಈ ಒಂದು ವಿಷಯದಲ್ಲಿ ನನ್ನ ಬುದ್ಧಿಯನ್ನು ನಾನೇ ಇಂದಿಗೂ ಮೆಚ್ಚಿಕೊಳ್ಳುತ್ತೇನೆ; ಮೆಚ್ಚಿಕೊಳ್ಳುವುದಕ್ಕೆ ಬೇರೆ ಏನೂ ಇಲ್ಲದಿರುವುದರಿಂದ ಸ್ವಲ್ಪ ಜೋರಾಗಿಯೇ ಮೆಚ್ಚಿಕೊಳ್ಳುತ್ತೇನೆ. ಕನ್ನಡಕ ಹಾಕಿಕೊಂಡ ಕ್ಯಾಮೆರಾಕ್ಕೆ ಮೊಳದ ದೂರದಲ್ಲಿದ್ದ ಮುದ್ದೆ ಕಂಡಿತು. ಅತ್ತೆಗೆ ಮಾತ್ರ ಅಷ್ಟು ಹೊತ್ತು ಹತ್ತಿರದ್ದಿರಲಿ, ದೂರದ್ದೂ ಸರಿಯಾಗಿ ಕಾಣುತ್ತಿರಲಿಲ್ಲ. ಕಲ್ಲು ಆರಿಸದ ಅಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಕಾಯುತ್ತಿದ್ದರು. "ಆಯ್ತೇನೋ? ನಿನ್ನ ಡಬ್ಬೀಗೆ ಚಾಳೀಸು ಬಂದು ನನಗೆ ಕಣ್ಣು ಹೋಯ್ತು."

ಕಪ್ಪು ಬಿಳುಪಿನಲ್ಲಿ ಊಟ ಹೇಗೆ ಕಾಣುತ್ತದೆ ಎಂಬುದನ್ನು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅನ್ನ ಬಿಳಿ, ಮೊಸರು ಬಿಳಿ, ಮೊಸರನ್ನವೆಂದರೆ ಫೋಟೋ ಕಾಗದದಲ್ಲಿ ಒಂದು ತೂತು. ಹೋಳಿಗೆ ಮಡಿಸಿಟ್ಟ ಅಂಗವಸ್ತ್ರ. ಕೀರೆಸೊಪ್ಪಿನ ಮಸ್ಸೊಪ್ಪು ಮಳೆ ನಿಂತ ಮೇಲಿನ ನಮ್ಮ ರಸ್ತೆ. ಮುದ್ದೆಯೊಂದೇ ಮರ್ಯಾದೆಯಾಗಿ ಬರುತ್ತಿತ್ತು. ಅದಕ್ಕೆ ಬೆಳಕಿನ ಕಡೆ ಒಂದು, ನೆರಳಿನ ಕಡೆ ಒಂದು ಎಂದು ಎರಡು ಮುಖವಿತ್ತು, ನೋಡಿದವರು ಕನಿಷ್ಠ ಅದು ಉರುಟಾಗಿದೆ ಎಂದಾದರೂ ಒಪ್ಪುತ್ತಿದ್ದರು. ನಮ್ಮ ಕಚೇರಿಯ ಮುಖ್ಯ ಗುಮಾಸ್ತರಿಗೆ ಒಂದು ಮುದ್ದೆಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಯಾವ ಬೆಟ್ಟ ಇದು? ಶಿವಗಂಗೆ ಕಡೇದಾ?" ಎಂದರು. ಹೌದು ಸಾರ್ ಎಂದೆ. ಇನ್ನೊಂದು ಕಷ್ಟವೆಂದರೆ ಹಸಿವು. ಬೆಳಕು ಸರಿಯಾಗುವವರೆಗೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಮೋಡ ಸರಿಯುವವರೆಗೆ ಮೂವರೂ ಆರುತ್ತಿರುವ ಸಾರನ್ನು ನೋಡುತ್ತಾ ಕೂತಿರುತ್ತಿದ್ದೆವು. ಬಿಸಿ ಊಟ ಎಂಬುದು ನಮ್ಮ ಮನೆಯಲ್ಲಿ ವಾರದ ದಿನಗಳಿಗೆ ಮೀಸಲಾಯಿತು.

ಈ ಹುಚ್ಚಿನಲ್ಲಿ ನನಗಿಂತ ಚೆನ್ನಾಗಿ ಕಲಿತವಳು ರತ್ನ, ಅದೂ ಬೇಡ ಬೇಡ ಎನ್ನುತ್ತಲೇ. ಫಿಲ್ಮು ತೊಳೆಸುವುದನ್ನು ಪೇಟೆಯ ಸ್ಟುಡಿಯೋದಲ್ಲಿ ಮಾಡಿಸುತ್ತಿದ್ದೆ. ಕಾಗದಕ್ಕೆ ಇಳಿಸುವುದನ್ನು ಮಾತ್ರ ಮನೆಯಲ್ಲೇ ಮಾಡುತ್ತಿದ್ದೆವು, ಏಕೆಂದರೆ ಆಗ ಬಿಸಿಲಿಗೆ ಇಟ್ಟರೆ ತಾನೇ ಕಪ್ಪಾಗುವ ಕಾಗದ ಸಿಗುತ್ತಿತ್ತು. ಸ್ಲೇಟಿನಂಥ ಮರದ ಚೌಕಟ್ಟು, ಅದರ ಗಾಜಿನ ಕೆಳಗೆ ನೆಗೆಟಿವ್, ನೆಗೆಟಿವ್‌ನ ಕೆಳಗೆ ಕಾಗದ. ಹಾಗೆಯೇ ತೆಗೆದುಕೊಂಡು ಹೋಗಿ ಬಿಸಿಲಲ್ಲಿ ಇಡುವುದು, ಸಾಕಷ್ಟು ಬಣ್ಣ ಬಂದಾಗ ಎತ್ತಿಕೊಂಡು ಬಂದು ಔಷಧಿಯ ನೀರಿಗೆ ಹಾಕುವುದು. ನಾನು ಇಟ್ಟರೆ ಒಂದೋ ಮಂಕು, ಇಲ್ಲವೇ ಮಸಿ. ರತ್ನ ತಾರಸಿಯ ಮೇಲೆ ಸಂಡಿಗೆ ಒಣಹಾಕಿ ಬೆಳೆದವಳು. ಯಾವ ಬಿಸಿಲು ಸಂಡಿಗೆಗೆ, ಯಾವ ಬಿಸಿಲು ಮೆಣಸಿನಕಾಯಿಗೆ ಎಂದು ಅಂಗೈ ಹಿಡಿದು ಹೇಳುತ್ತಿದ್ದಳು. ಚೌಕಟ್ಟನ್ನು ಸಂಡಿಗೆಯ ಪಕ್ಕದಲ್ಲೇ ಇಟ್ಟು, ಎರಡನ್ನೂ ಒಂದೇ ಕಣ್ಣಿನಲ್ಲಿ ಕಾಯುತ್ತಿದ್ದಳು. ನೆಗೆಟಿವ್‌ಗೆ ಒಂದು ಹೊಳೆಯುವ ಮೈ, ಒಂದು ಮಂಕು ಮೈ ಇರುತ್ತದೆ. ಮಂಕು ಮೈ ಕಾಗದಕ್ಕೆ ತಾಗಬೇಕು, ತಿರುವುಮುರುವಾದರೆ ಚಿತ್ರದಲ್ಲಿ ಎಡದ್ದು ಬಲಕ್ಕೆ ಹೋಗುತ್ತದೆ, ಸ್ವಲ್ಪ ಮಸುಕೂ ಆಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಅವಳು. "ಮಂಕು ಕಾಗದದ ಕಡೆಗೆ ಅಣ್ಣ. ಮಂಕು ಯಾವಾಗ್ಲೂ ನಿನ್ನ ಕಡೆಗೆ ಅಂತ ನೆನಪಿಟ್ಕೋ." ಈ ಮಾತನ್ನು ಅವಳು ನಿಜವಾಗಿ ಆಡಿದ್ದಳೋ, ಇಂಥದ್ದೊಂದನ್ನು ಆಡಬಹುದಾಗಿದ್ದವಳು ಎಂದು ನಾನೇ ಸೇರಿಸಿಕೊಂಡೆನೋ ಗೊತ್ತಿಲ್ಲ. ಅವಳು ನೆಗೆಟಿವ್ ತಿರುವಿ ಹಾಕಿದ ಒಂದು ಫೋಟೋವನ್ನೂ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ ಎಂಬುದು ಮಾತ್ರ ಗೊತ್ತು.

ಆ ಸಮಯಕ್ಕೆ ಕೆಂಗೇರಿಯಿಂದ ಚನ್ನಪ್ಪ ಮಾವ ಬಂದರು. ಅಮ್ಮನ ಕಡೆಯ ನೆಂಟರು, ಕೂಡಿಬರುವ ಗಂಡು ಹೆಣ್ಣುಗಳನ್ನು ಕೂಡಿಸುವುದರಲ್ಲಿ ಆಸಕ್ತಿಯುಳ್ಳವರು. ಅವರ ಊರಿನವರೇ ಒಬ್ಬರ ಮನೆಯ ಹುಡುಗ, ಸರ್ಕಾರಿ ಕೆಲಸ, ಮನೆಯಲ್ಲಿ ಹೊಲ ತೋಟ. ಉಲ್ಲಾಳದಲ್ಲಿ ನಡೆದ ಒಂದು ಮದುವೆಯಲ್ಲಿ ರತ್ನ ಪಾಯಸ ಬಡಿಸುತ್ತಾ ಹೋದಾಗ ಅವನು ಪಂಕ್ತಿಯಲ್ಲಿ ಕೂತಿದ್ದನಂತೆ, ನೋಡಿದ್ದನಂತೆ.

"ಬರೀ ನೋಡಿಲ್ಲ ಕಣಕ್ಕಾ," ಎಂದರು ಮಾವ ಅತ್ತೆಗೆ. "ಮೂರು ಸಲ ಪಾಯಸ ಹಾಕ್ಸ್ಕೊಂಡವ್ನೆ. ಆ ಹುಡುಗ ಸಿಹಿ ಮುಟ್ಟಲ್ಲ ಅಂತ ಅವರ ಮನೇವ್ರೇ ಹೇಳ್ತಾರೆ."

ಒಳಗೆ ಒರಳಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಹುಡುಗಂದೇನೂ ತಕರಾರಿಲ್ಲ," ಎಂದು ಮಾವ ಮುಂದುವರಿಸಿದರು. "ಅಲ್ಲಿ ಎಲ್ಲಾ ಅವರಜ್ಜಿ ಮಾತು. ಅಜ್ಜಿ ಕೇಳೋದು ಒಂದೇ, ಹುಡುಗಿ ಅಡುಗೆ ಹೆಂಗೆ ಅಂತ. ರತ್ನನ ಕೈಲಿ ನಾಕು ಹೋಳಿಗೆ ಮಾಡ್ಸಿ ಕಟ್ಟಿಕೊಡಿ, ಬಸ್ಸಲ್ಲಿ ಎತ್ಕೊಂಡ್ ಹೋಗಿ ಅಜ್ಜಿ ಮುಂದೆ ಇಟ್ಬಿಡ್ತೀನಿ. ಮುಗೀತು."

ಮುಗಿಯುತ್ತಿತ್ತು. ರತ್ನಳ ಹೋಳಿಗೆಯನ್ನು ಬಾಯಿಗಿಟ್ಟ ಅಜ್ಜಿ ಇಲ್ಲ ಎನ್ನುವುದು ಸಾಧ್ಯವಿರಲಿಲ್ಲ. ಆ ಹೊತ್ತಿಗೆ ನಾನು ಬಾಯಿ ಹಾಕಿದೆ. ಹೋಳಿಗೆ ತಿಂದರೆ ಖರ್ಚಾಗಿಹೋಗುತ್ತದೆ ಮಾವ, ನಾಳೆ ಅದಕ್ಕೆ ಸಾಕ್ಷಿ ಏನು? ಪೂರ್ತಿ ಎಲೆ ಬಡಿಸಿ ಫೋಟೋ ತೆಗೆದು ಕಳಿಸೋಣ, ಯಾವಾಗ ಬೇಕಾದರೂ ನೋಡಿಕೊಳ್ಳಲಿ, ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಮಾವನಿಗೆ ಅರ್ಥವಾಗಲಿಲ್ಲ, ಆದರೆ ಪೇಟೆಯ ಕಡೆ ಈಗ ಹೀಗೆ ಮಾಡುತ್ತಾರೇನೋ ಎಂದು ಸುಮ್ಮನಾದರು. ಅತ್ತೆ, "ಹೋಳಿಗೆ ಕಟ್ಟಿ ಕಳ್ಸು ಕಣೋ, ಅದು ಬಾಯಿಗೆ ಗೊತ್ತಾಗುತ್ತೆ," ಎಂದರು. ರತ್ನ ಬಾಗಿಲ ಹತ್ತಿರ ಬಂದು ನಿಂತು, "ಫೋಟೋಗೆ ರುಚಿ ಇರಲ್ಲ ಅಣ್ಣ," ಎಂದಳು. ಅವಳು ಎರಡನೆಯ ಮಾತು ಆಡಲಿಲ್ಲ. ಆಡಬೇಕಾಗಿತ್ತೇ? ಮದುವೆಯ ಮಾತು ನಡೆಯುವಾಗ ಹೆಣ್ಣುಮಗಳು ಅಷ್ಟು ಆಡಿದ್ದೇ ಹೆಚ್ಚು ಎಂದು ನಾವೆಲ್ಲ ತಿಳಿದಿದ್ದ ಕಾಲ ಅದು.

ಆ ದಿನ, ಯುಗಾದಿಯೋ ಸಂಕ್ರಾಂತಿಯೋ ಎರಡೂ ಅಲ್ಲದ ಇನ್ನೊಂದು ದಿನವೋ, ರತ್ನ ನಸುಕಿನಿಂದ ಅಡುಗೆ ಮಾಡಿದಳು. ನಡುಮನೆಯಲ್ಲಿ ಬೆಳಕು ಸಾಲದು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಅದನ್ನು ತೊಳೆದು ಒರೆಸಿ ಅಲ್ಲೇ ಎಲೆ ಹಾಕಿಸಿದೆ. ಉಣ್ಣುವವರು ಕೂರುವ ಕಡೆ ಸ್ಟೂಲು, ಸ್ಟೂಲಿನ ಮೇಲೆ ಕ್ಯಾಮೆರಾ, ಅದು ಬಗ್ಗಿ ನೋಡುವಂತೆ ಹಿಂಭಾಗಕ್ಕೆ ಒಂದು ಸೌದೆ ಚಕ್ಕೆ, ಮುಂದೆ ಅತ್ತೆಯ ಕನ್ನಡಕ. ಅತ್ತೆ ಕನ್ನಡಕವಿಲ್ಲದೆ ಹಿತ್ತಿಲ ಬಾಗಿಲಲ್ಲಿ ನಿಂತು ಸುಮಾರಾಗಿ ನಮ್ಮ ಕಡೆಗೆ ನೋಡುತ್ತಿದ್ದರು. ರತ್ನ ಒಂದೊಂದನ್ನೇ ತಂದು ಬಡಿಸಿದಳು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಾನು ಈಗಾಗಲೇ ಜಗಳವಾಡಿದ ಚಿತ್ರಾನ್ನ, ಹೋಳಿಗೆ, ಅದರ ಮೇಲೆ ತುಪ್ಪ. ಎಲೆಯ ಪಕ್ಕದಲ್ಲಿ ಅಮ್ಮನ ಹೆಸರು ಕೆತ್ತಿಸಿದ್ದ ಹಿತ್ತಾಳೆ ಲೋಟ. ಮುದ್ದೆ ಇಡೋಣವೇ ಬೇಡವೇ ಎಂದು ಸ್ವಲ್ಪ ಚರ್ಚೆಯಾಯಿತು. ಫೋಟೋದಲ್ಲಿ ಚೆನ್ನಾಗಿ ಬರುವುದು ಅದೊಂದೇ, ಆದರೆ ಸರ್ಕಾರಿ ಕೆಲಸದ ಗಂಡಿಗೆ ಮುದ್ದೆ ಕಳಿಸುವುದೇ ಎಂದು ನಾನು ಬೇಡವೆಂದೆ. ನನ್ನ ಕಲೆಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ನಾನೇ ಎಲೆಯಿಂದ ಇಳಿಸಿದೆ.

ಇನ್ನು ಮುಂದಿನದು ನನಗೆ ಸ್ಪಷ್ಟವಿಲ್ಲ, ಸ್ಪಷ್ಟವಿರಬೇಕಾದದ್ದೂ ಇದೇ. ಡಬ್ಬಿ ಕ್ಯಾಮೆರಾದ ಮೇಲಿನ ಪುಟ್ಟ ಕಿಟಕಿಯಲ್ಲಿ ಕಾಣುವುದು ಕನ್ನಡಿಯ ಬಿಂಬ. ಅಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅಲ್ಲಿಯವರೆಗೆ ನಾನು ತೆಗೆದದ್ದೆಲ್ಲ ಮುದ್ದೆ, ತಟ್ಟೆ, ಬಟ್ಟಲು. ಅವಕ್ಕೆ ಎಡ ಬಲ ಇಲ್ಲ. ಬಾಳೆಯೆಲೆಗೆ ಇದೆ. ಎಲೆಯ ಕುಡಿ ಉಣ್ಣುವವರ ಎಡಗೈ ಕಡೆಗೆ ಬರಬೇಕು, ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನಡೆಯಲು ಕಲಿಯುವ ಹೊತ್ತಿಗೆ ಗೊತ್ತಾಗಿರುತ್ತದೆ. ಕುಡಿ ಬಲಕ್ಕೆ ತಿರುಗುವುದು ಒಂದೇ ದಿನ, ಸತ್ತವರಿಗೆ ಎಡೆ ಇಡುವ ದಿನ. ನಾನು ಕಿಟಕಿಯೊಳಗೆ ಬಗ್ಗಿ ನೋಡಿದೆ. ಕುಡಿ ಬಲಕ್ಕೆ ಕಂಡಿತು. ಕಂಡಿರಲೇಬೇಕು, ಏಕೆಂದರೆ ರತ್ನ ಎಲೆಯನ್ನು ಸರಿಯಾಗಿಯೇ ಹಾಕಿರುತ್ತಾಳೆ. ಆಗ ನಾನು "ತಿರುಗಿಸು" ಎಂದೆ. ಈ ಮಾತು ನನ್ನ ಕಿವಿಯಲ್ಲೇ ಇದೆ. ಏನನ್ನು ತಿರುಗಿಸು ಎಂದೆ? ಎಲೆಯನ್ನೋ, ಲೋಟವನ್ನೋ? ಲೋಟದ ಮೇಲಿನ ಹೆಸರು ಈ ಕಡೆಗೆ ಕಾಣಲಿ ಎಂದು ಹೇಳಿದ್ದರೂ ಹೇಳಿರಬಹುದು. ಎಲೆಯನ್ನೇ ಎಂದಿದ್ದರೆ ರತ್ನ ಬಡಿಸಿದ ಎಲೆಯನ್ನು ಹಾಗೆ ತಿರುಗಿಸುತ್ತಿದ್ದಳೇ, ಇದೇನಣ್ಣ ಎಂದು ಕೇಳುತ್ತಿರಲಿಲ್ಲವೇ? ಅವಳು ಏನೋ ಅಂದದ್ದು ನೆನಪಿದೆ. "ಅಣ್ಣ, ಕಾಗೆ ಬಂತು," ಎಂದಳು. ಹಿತ್ತಿಲ ಗೋಡೆಯ ಮೇಲೆ ಒಂದು ಕಾಗೆ ಬಂದು ಕೂತಿತ್ತು. "ಇರಲಿ ಬಿಡೇ, ಫೋಟೋಗೆ ಒಂದು ಜೀವ ಬರುತ್ತೆ," ಎಂದು ನಾನು ಕಡ್ಡಿ ಒತ್ತಿದೆ.

ಫಿಲ್ಮು ತೊಳೆಸಿಕೊಂಡು ಬಂದೆ. ರತ್ನ ತಾರಸಿಯಲ್ಲಿ ಅದನ್ನು ಕಾಗದಕ್ಕೆ ಇಳಿಸಿದಳು. ಫೋಟೋ ಕೈಗೆ ಬಂದಾಗ ನಾನು ನೋಡಿದ್ದು ಹೋಳಿಗೆಯನ್ನು ಮಾತ್ರ. ಮೊದಲ ಬಾರಿಗೆ ಅದು ಹೋಳಿಗೆಯಂತೆ ಬಂದಿತ್ತು, ತುಪ್ಪದ ಮೇಲೆ ಬೆಳಕಿನ ಒಂದು ಚುಕ್ಕೆ ಕೂತಿತ್ತು, ಆ ಚುಕ್ಕೆಯನ್ನು ನೋಡುತ್ತಾ ನಾನು ಉಳಿದ ಎಲೆಯನ್ನು ಮರೆತೆ. ಲೋಟದ ಮೇಲೆ ಅಮ್ಮನ ಹೆಸರು ನೆಟ್ಟಗೆ ಓದಲು ಬರುತ್ತಿತ್ತೋ ತಿರುವುಮುರುವಾಗಿತ್ತೋ ಎಂದು ಒಂದು ಸಲ ನೋಡಿದ್ದರೆ ಇಷ್ಟು ವರ್ಷದ ತಲೆನೋವು ತಪ್ಪುತ್ತಿತ್ತು. ನೋಡಲಿಲ್ಲ. ನೋಡಿದ ಕೂಡಲೇ ಕಂಡುಹಿಡಿಯುತ್ತಿದ್ದವರು ಅತ್ತೆ. ಆದರೆ ಕ್ಯಾಮೆರಾದಿಂದ ಬಿಚ್ಚುವಾಗ ನಾನು ಅವರ ಕನ್ನಡಕದ ಒಂದು ಕಡ್ಡಿ ಮುರಿದಿದ್ದೆ, ಅದು ರಿಪೇರಿಗೆ ಹೋಗಿತ್ತು. ಅವರು ಫೋಟೋವನ್ನು ಕೈಚಾಚಿ ದೂರ ಹಿಡಿದು, ಹತ್ತಿರ ಹಿಡಿದು, "ಚೆನ್ನಾಗೈತೆ ಕಣೋ, ಏನಿದು?" ಎಂದರು. ಮಾವ ಬಂದರು, ನೋಡದೆ ಜೇಬಿಗೆ ಹಾಕಿಕೊಂಡು ಕೆಂಗೇರಿಗೆ ಹೋದರು.

ಮುಂದಿನ ವಾರ ವಾಪಸು ಬಂದಾಗ ಮಾವ ಒಳಗೆ ಬರಲಿಲ್ಲ. ಜಗಲಿಯಲ್ಲೇ ಕೂತು ನೀರು ಕೇಳಿದರು.

"ಅಜ್ಜಿ ಫೋಟೋ ಇಸ್ಕೊಂಡು ಕಿಟಕಿ ತಾವ ಹೋಗಿ ನೋಡುದ್ರು," ಎಂದರು. "ಆಮೇಲೆ ನನ್ನನ್ನ ಕೇಳುದ್ರು, ಅವರ ಮನೇಲಿ ಯಾರಪ್ಪಾ ತೀರ್ಕೊಂಡಿದ್ದು ಅಂತ."

ಮಾವ ನೀರು ಕುಡಿದು ಲೋಟವನ್ನು ಪಕ್ಕಕ್ಕಿಟ್ಟರು.

"ಯಾರೂ ಇಲ್ಲ ಕಣವ್ವಾ, ಹುಡುಗಿ ಮಾಡಿರೋ ಅಡುಗೆ ಅಂದೆ. ಮತ್ತೆ ಎಲೆ ಯಾಕೆ ಬಯಲಲ್ಲಿ ಕಲ್ಲಿನ ಮೇಲೆ ಹಾಕವ್ರೆ ಅಂದ್ರು. ಕಾಗೆ ಯಾಕೆ ಕೂತೈತೆ ಅಂದ್ರು. ಕುಡಿ ಯಾಕೆ ಬಲಕ್ಕೈತೆ ಅಂದ್ರು. ನಾನೇನ್ ಹೇಳ್ಲಿ? ಕೊನೇಗೆ, ನಾನಿನ್ನೂ ಬದುಕಿದೀನಿ ಚನ್ನಪ್ಪಾ, ಈಗ್ಲೇ ನನಗೆ ಎಡೆ ಇಟ್ಟು ಕಳ್ಸವ್ರಾ ಅಂದ್ಬಿಟ್ರು."

ನಾನು ಹೋಗಿ ಅಜ್ಜಿಗೆ ವಿವರಿಸುತ್ತೇನೆ ಎಂದೆ. ಕ್ಯಾಮೆರಾದಲ್ಲಿ ಒಂದು ಕನ್ನಡಿ ಇರುತ್ತದೆ, ಅದರಲ್ಲಿ ಎಡ ಬಲವಾಗುತ್ತದೆ ಎಂದು ಹೇಳುತ್ತೇನೆ ಎಂದೆ.

"ಬೇಡ ಅಳಿಯಾ," ಎಂದರು ಮಾವ ನಿಧಾನವಾಗಿ. "ಈಗ ಎಡೆ ಇಡೋ ಮನೆ ಅಂತ ಮಾತ್ರ ಅಂದವ್ರೆ. ನೀನು ಹೋದ್ರೆ ಕನ್ನಡಿ ನೋಡ್ಕೊಂಡು ಎಡೆ ಇಡೋ ಮನೆ ಅಂತಾರೆ."

ಅತ್ತೆ ರಿಪೇರಿಯಾಗಿ ಬಂದಿದ್ದ ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ನನ್ನನ್ನು ನೋಡಿದರು. ಅದರಲ್ಲಿ ನಾನು ಚೆನ್ನಾಗಿ ಕಾಣಿಸಿರಬೇಕು. ಅಡುಗೆಮನೆಯಿಂದ ಒಂದು ಸದ್ದು ಬಂತು. ಅಲ್ಲಿ ರತ್ನ ಒಣಮೆಣಸಿನಕಾಯಿ ಹುರಿಯುತ್ತಿದ್ದಳು, ಘಾಟು ಜಗಲಿಯವರೆಗೂ ಬಂದಿತ್ತು. ಮಾವ ಅದನ್ನು ಕೆಮ್ಮು ಎಂದುಕೊಂಡರು. ಅಳುತ್ತಿದ್ದಾಳೆ ಎಂದು ಅತ್ತೆ ಎದ್ದು ಒಳಗೆ ಹೋದರು. ನನಗೆ ಅದು ನಗುವಿನಂತೆ ಕೇಳಿಸಿತು. ಹೀಗೆ ಬರೆದ ಮೇಲೆ ಅನುಮಾನವಾಗುತ್ತಿದೆ, ಆಗಲೇ ಹಾಗೆ ಕೇಳಿಸಿತ್ತೋ, ನಗು ಎಂದಾಗಿಬಿಟ್ಟರೆ ನನ್ನ ಪಾಲಿಗೆ ಎಷ್ಟೋ ಹಗುರವೆಂದು ಆಮೇಲೆ ಕೇಳಿಸತೊಡಗಿತೋ.

ಇದನ್ನು ನಾನು ಎಷ್ಟು ಸಲ ಕೂಡಿಸಿ ಕಳೆದು ನೋಡಿದ್ದೇನೋ. ಎಲೆಯನ್ನು ನಾನು ತಿರುಗಿಸಿದ್ದರೆ ತಪ್ಪು ನನ್ನದು. ಎಲೆ ಸರಿಯಾಗಿದ್ದು ರತ್ನ ನೆಗೆಟಿವ್ ಅನ್ನು ತಿರುವಿ ಹಾಕಿದ್ದರೆ ಕೆಲಸ ಅವಳದು. ಇಬ್ಬರೂ ತಿರುಗಿಸಿದ್ದರೆ ಫೋಟೋ ಸರಿಯಾಗಿಯೇ ಬಂದು ಮದುವೆ ಆಗಿಬಿಡುತ್ತಿತ್ತು. ಆದ್ದರಿಂದ ನಮ್ಮಲ್ಲಿ ಒಬ್ಬರು ಮಾತ್ರ ತಿರುಗಿಸಿದ್ದೇವೆ. ತಿರುವಿ ಹಾಕಿದರೆ ಚಿತ್ರ ಮಸುಕಾಗಿರಬೇಕಲ್ಲ ಎನ್ನುತ್ತೀರಿ. ಮಸುಕಾಗಿತ್ತು, ಆದರೆ ನಾನು ತೆಗೆದ ಯಾವ ಫೋಟೋ ಮಸುಕಾಗಿರಲಿಲ್ಲ? ಫೋಟೋವನ್ನು ಅಜ್ಜಿ ಹಿಂತಿರುಗಿಸಲಿಲ್ಲ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ, ಹರಿಯುವ ನೀರಿಗೆ ಬಿಟ್ಟಿರಬೇಕು. ನೆಗೆಟಿವ್ ಇದ್ದಿದ್ದರೆ ಬೆಳಕಿಗೆ ಹಿಡಿದು ಒಂದು ಕ್ಷಣದಲ್ಲಿ ಹೇಳಬಹುದಿತ್ತು. ಅದೇ ಆಸುಪಾಸಿನಲ್ಲಿ ಒಂದು ಸೂರ್ಯಗ್ರಹಣ ಬಂತು. ಬರಿಗಣ್ಣಿನಲ್ಲಿ ನೋಡಬಾರದೆಂದು ನೆರೆಮನೆಯವರು ನನ್ನ ಹಳೆಯ ನೆಗೆಟಿವ್‌ಗಳನ್ನೆಲ್ಲ ಕೇಳಿ ಪಡೆದರು, ಮರಳಿ ಕೊಡಲಿಲ್ಲ. ನನ್ನ ತಂಗಿಯ ಹೋಳಿಗೆಯ ಮೂಲಕ ನಮ್ಮ ರಸ್ತೆಯ ಜನ ಗ್ರಹಣ ಹಿಡಿದ ಸೂರ್ಯನನ್ನು ನೋಡಿದರು. ಇನ್ನು ಕಾಗೆಯ ವಿಷಯದಲ್ಲೂ ನನಗೆ ಧೈರ್ಯ ಕಡಿಮೆಯಾಗಿದೆ. ಅದು ಗೋಡೆಯ ಮೇಲಿತ್ತು, ಆದರೆ ಫೋಟೋದೊಳಗೆ ಬಂದಿತ್ತೇ, ಅಥವಾ ಚನ್ನಪ್ಪ ಮಾವ ಹೇಳಿದ ಮೇಲೆ ನನ್ನ ನೆನಪಿನ ಗೋಡೆಗೆ ಹಾರಿಬಂದು ಕೂತಿತೇ? ಮಾವ ಒಂದು ಕಥೆಯನ್ನು ಬರಿಗೈಯಲ್ಲಿ ಹೇಳುವವರಲ್ಲ.

ಕ್ಯಾಮೆರಾದ ಮೇಲೆ ಆಮೇಲೆ ನನಗೆ ಮನಸ್ಸು ಬರಲಿಲ್ಲ. ಊಟ ಮತ್ತೆ ಬಿಸಿಯಾಗಿ ಸಿಗತೊಡಗಿತು, ಉಣ್ಣುವುದು ಮಾತ್ರ ಕೆಲವು ದಿನ ಕಷ್ಟವಾಯಿತು, ಬಡಿಸುವವಳು ಅವಳೇ ಆದ್ದರಿಂದ. ಮುಂದೆ ರತ್ನಳ ಮದುವೆ ಮಾಗಡಿ ಕಡೆ ಆಯಿತು. ಅವಳ ಗಂಡ ಒಳ್ಳೆಯ ಮನುಷ್ಯ, ಜೋರು ಮಾತಿಲ್ಲ, ಯಾವ ದುರಭ್ಯಾಸವೂ ಇಲ್ಲ. ಒಂದು ಕೊರತೆಯೆಂದರೆ ಅವರಿಗೆ ನಾಲಿಗೆಯಲ್ಲಿ ರುಚಿ ಎಂಬುದೇ ಇಲ್ಲ. ಹೋಳಿಗೆ ಬಡಿಸಿದರೂ ಹೂಂ, ಗಂಜಿ ಬಡಿಸಿದರೂ ಹೂಂ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ, ಅವಳು ಬಿಸಿಬಿಸಿಯಾಗಿ ತಂದಿಟ್ಟದ್ದನ್ನು ಅವರು ಪತ್ರಿಕೆ ಓದುತ್ತಾ ಮುಗಿಸಿ ಎದ್ದುಹೋದದ್ದನ್ನು ನೋಡಿದೆ. ಅವಳು ಆ ಖಾಲಿ ಎಲೆಯನ್ನು ಏನೂ ಆಗದವಳಂತೆ ಎತ್ತಿದಳು. ಬಹುಶಃ ಏನೂ ಆಗಿರಲೇ ಇಲ್ಲ. ಆದದ್ದೆಲ್ಲ ನನಗೆ. ಆವತ್ತು ತಡೆಯಲಾರದೆ ಕೇಳಿಬಿಟ್ಟೆ.

"ರತ್ನ, ಆ ನೆಗೆಟಿವ್ ತಿರುವಿ ಹಾಕಿದ್ದು ನೀನಾ?"

ಅವಳು ಯಾವ ನೆಗೆಟಿವ್ ಎಂದು ಕೇಳಲಿಲ್ಲ. "ಎಲೆ ತಿರುಗ್ಸು ಅಂತ ನೀನು ಅಂದಿದ್ದು ಮರೆತುಹೋಯ್ತಾ ಅಣ್ಣ?"

"ಎಲೆ ಅಂದೆನಾ? ಲೋಟ ಅಂದೆನಾ?"

"ಎಲೆ ಅಂದೆ ಅನ್ಸುತ್ತೆ. ಲೋಟ ಅಂದ್ಯೋ ಏನೋ." ಇನ್ನೊಂದು ಸೌಟು ಸಾರು ಹಾಕಿದಳು. "ಈಗ್ಯಾಕೆ ಅದು? ತಣ್ಣಗಾಗೋಕ್ ಮುಂಚೆ ಊಟ ಮಾಡು. ನೀನಾದ್ರೂ ಬಿಸಿಬಿಸಿ ತಿನ್ನು."

ನಾನು ಊಟ ಮಾಡಿದೆ. ಬಸ್ಸಿನಲ್ಲಿ ಬರುವಾಗ, ಕೇಳಬೇಕಾದದ್ದು ಇದಲ್ಲ ಎಂದು ಹೊಳೆಯಿತು. ಕುಡಿ ಯಾಕೆ ಬಲಕ್ಕಿದೆ ಎಂದು ಅಜ್ಜಿ ಕೇಳಿದರು, ಅದನ್ನೇ ಮಾವ ಬಂದು ಹೇಳಿದರು, ನಾನು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡೆ. ಆ ಹುಡುಗನನ್ನು ಅವಳೂ ಮದುವೆಮನೆಯಲ್ಲಿ ನೋಡಿದ್ದಳಲ್ಲ, ಅವನು ನಿನಗೆ ಒಪ್ಪಿಗೆಯೇ ಎಂದು ಫೋಟೋ ತೆಗೆಯುವ ಮುಂಚೆಯಾಗಲಿ ಆಮೇಲಾಗಲಿ ನಾವು ಯಾರೂ ಅವಳನ್ನು ಕೇಳಲಿಲ್ಲ. ರತ್ನ ಈಗಲೂ ಮಾಗಡಿಯಲ್ಲೇ ಇದ್ದಾಳೆ, ಚೆನ್ನಾಗಿದ್ದಾಳೆ, ಹಬ್ಬಕ್ಕೆ ಬರುತ್ತಾಳೆ. ಕೇಳಿದರೆ ಹೇಳುತ್ತಾಳೇನೋ. ಪ್ರತಿ ಸಲವೂ ಕೇಳಬೇಕೆಂದು ಬಾಯಿ ತೆರೆಯುತ್ತೇನೆ, ಅಡುಗೆ ಚೆನ್ನಾಗಿದೆ ಎಂದು ಹೇಳಿ ಮುಚ್ಚುತ್ತೇನೆ. ಅವನು ಅವಳಿಗೆ ಬೇಕಾಗಿದ್ದನೋ ಬೇಡವಾಗಿದ್ದನೋ ನನಗೆ ಗೊತ್ತಿಲ್ಲ.